ದಿನಕ್ಕೆ ಹದಿನಾರು ರೂಪಾಯಿ

ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ ಇಟ್ಟಿರುವ ಮಾನದಂಡ 3,500 ರೂಪಾಯಿ. ಶಾಲೆ ನಡೆಯುವ ದಿನಗಳನ್ನು 220 ಎಂದು ಹಿಡಿದು ಭಾಗಿಸಿದರೆ ದಿನಕ್ಕೆ 15 ರೂಪಾಯಿ 90 ಪೈಸೆ ಬರುತ್ತದೆ. ಸಾಧನ ಸಲಕರಣೆ, ಬ್ರೈಲ್ ಅಥವಾ ದೊಡ್ಡ ಅಕ್ಷರದ ಪುಸ್ತಕ, ಸಾರಿಗೆ ಭತ್ಯೆ, ಜೊತೆಗೆ ಬರುವವರ ಬೆಂಗಾವಲು ಭತ್ಯೆ, ವೈದ್ಯಕೀಯ ತಪಾಸಣೆ ಶಿಬಿರ ಎಲ್ಲವೂ ಇದರೊಳಗೇ ನಡೆಯಬೇಕು. ವಿಶೇಷ ಶಿಕ್ಷಕರ ಸಂಬಳಕ್ಕೆ ಬೇರೆ ಬಾಬ್ತು ಇದೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಶಿಷ್ಯವೇತನವೂ ಇದೆ. ಆದರೂ ಒಂದು ಮಗುವನ್ನು ಮನೆಯಿಂದ ತರಗತಿಯವರೆಗೆ ತಂದು ಕೂರಿಸುವ ಹೊಣೆಯನ್ನು ಹೊತ್ತಿರುವುದು ಈ ಹದಿನಾರು ರೂಪಾಯಿಯೇ.

ಈ ಹಣವನ್ನು ಅನುದಾನ ಎಂದು ನೋಡುವುದಕ್ಕೂ ಹಕ್ಕಿನ ಖರ್ಚು ಎಂದು ನೋಡುವುದಕ್ಕೂ ವ್ಯತ್ಯಾಸವಿದೆ. ಅನುದಾನ ಮುಗಿದರೆ ಕೆಲಸ ನಿಲ್ಲುತ್ತದೆ. ಹಕ್ಕು ಹಾಗಲ್ಲ, ಅದನ್ನು ಈಡೇರಿಸಲು ಎಷ್ಟು ಬೇಕೋ ಅಷ್ಟನ್ನು ಹುಡುಕುವುದು ಸರ್ಕಾರದ ಕರ್ತವ್ಯ. ಭಾರತ 2007ರ ಅಕ್ಟೋಬರ್ 1ರಂದು ಅಂಗೀಕರಿಸಿದ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 24ನೇ ವಿಧಿ ಸಮನ್ವಯ ಶಿಕ್ಷಣವನ್ನು ಹಕ್ಕು ಎಂದೇ ಕರೆದಿದೆ. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 31ನೇ ಕಲಂ ಇನ್ನೂ ಖಚಿತವಾಗಿದೆ. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಮನೆಯ ಹತ್ತಿರದ ಶಾಲೆಯಲ್ಲಿ, ಇಲ್ಲವೇ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಸಿಗಬೇಕು. ಆರಿಸಿಕೊಳ್ಳುವ ಅಧಿಕಾರ ಮಗುವಿನದು, ಶಾಲೆಯದಲ್ಲ.

ಕರ್ನಾಟಕದ ಶಿಕ್ಷಣ ಹಕ್ಕು ನಿಯಮಗಳ ಪ್ರಕಾರ 'ಹತ್ತಿರದ ಶಾಲೆ' ಎಂದರೆ 1ರಿಂದ 5ನೇ ತರಗತಿಗೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನಕ್ಷೆಯ ಮೇಲೆ ಈ ಅಂಕಿಗಳನ್ನು ಇಟ್ಟಾಗಲೇ ಕಷ್ಟ ಕಾಣತೊಡಗುವುದು. ಸೋಂದಾ ಸ್ವರ್ಣವಲ್ಲಿಯ ಸುತ್ತಲ ಸೀಮೆಯಲ್ಲಿ ಊರು ಎಂದರೆ ಒತ್ತಾಗಿ ನಿಂತ ಮನೆಗಳ ಸಾಲಲ್ಲ. ಒಂದೊಂದು ತೋಟದ ತಲೆಯಲ್ಲಿ ಎರಡೋ ನಾಲ್ಕೋ ಮನೆ, ನಡುವೆ ಬೆಟ್ಟ, ಕಣಿವೆ, ಹಳ್ಳ. ಶಾಲೆ ಒಂದು ಕಿಲೋಮೀಟರಿನೊಳಗೇ ಇದ್ದರೂ ಆ ಒಂದು ಕಿಲೋಮೀಟರಿನಲ್ಲಿ ಅಂಗಳದ ಮೆಟ್ಟಿಲಿದೆ, ದಣಪೆ ಇದೆ, ತೋಟದ ಏರಿ ಇದೆ, ಕಾಲುಸಂಕ ಇದೆ, ಆಮೇಲೆ ಧರೆ ಹತ್ತಿ ಟಾರು ರಸ್ತೆ. ಗಾಲಿಕುರ್ಚಿಗೆ ಈ ದಾರಿಯಲ್ಲಿ ಜಾಗವಿಲ್ಲ. ಕ್ಯಾಲಿಪರ್ ಹಾಕಿದ ಕಾಲಿಗೆ ಬೇಸಿಗೆಯಲ್ಲಿ ಹೇಗೋ ಆದೀತು. ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿಲಿಮೀಟರ್ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುತ್ತದೆ. ಶಾಲೆ ಶುರುವಾಗಿ ಮಕ್ಕಳು ಅಕ್ಷರ ಹಿಡಿಯುವ ತಿಂಗಳುಗಳೂ ಅವೇ.

ಉತ್ತರ ಕನ್ನಡದ ಜನಸಾಂದ್ರತೆ 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 140. ರಾಜ್ಯದ್ದು 319, ಬೆಂಗಳೂರು ನಗರ ಜಿಲ್ಲೆಯದು 4,381. ಜನರಲ್ಲಿ ಐದನೇ ಒಂದು ಭಾಗ ಶಾಲಾ ವಯಸ್ಸಿನವರು, ಅವರಲ್ಲಿ ಶೇ 1.7 ಮಕ್ಕಳಿಗೆ ವೈಕಲ್ಯವಿದೆ ಎಂದು ಹಿಡಿಯೋಣ. ಭಾರತದ ಮಕ್ಕಳ ಬಗ್ಗೆ ಯುನೆಸ್ಕೊ 2019ರ ವರದಿಯಲ್ಲಿ ಕೊಟ್ಟ ಪ್ರಮಾಣ ಅದು. ಹಾಗೆ ಗುಣಿಸಿದರೆ ಇಂಥ 10 ಮಕ್ಕಳು ಸಿಗಲು ಬೆಂಗಳೂರಿನಲ್ಲಿ ಮುಕ್ಕಾಲು ಚದರ ಕಿಲೋಮೀಟರ್ ಕೂಡ ಬೇಡ, ರಾಜ್ಯದ ಸರಾಸರಿಯಲ್ಲಿ ಸುಮಾರು 9 ಸಾಕು, ಉತ್ತರ ಕನ್ನಡದಲ್ಲಿ 21 ಬೇಕು. ಅದೂ ಎಲ್ಲ ಬಗೆಯ ವೈಕಲ್ಯವನ್ನೂ ಒಟ್ಟು ಸೇರಿಸಿದಾಗ. ಜನಗಣತಿ ಗುರುತಿಸಿದ ಅಂಗವಿಕಲರಲ್ಲಿ ದೃಷ್ಟಿದೋಷದವರು ಶೇ 18.8. ಆ ಪ್ರಮಾಣ ಮಕ್ಕಳಿಗೂ ಅನ್ವಯವಾದರೆ ದೃಷ್ಟಿದೋಷವಿರುವ 10 ಮಕ್ಕಳನ್ನು ಒಂದು ಕೋಣೆಯಲ್ಲಿ ಸೇರಿಸಲು 110 ಚದರ ಕಿಲೋಮೀಟರಿಗೂ ಹೆಚ್ಚು ಕಾಡು, ತೋಟ, ಗುಡ್ಡ ಹುಡುಕಬೇಕು.

ಈ ಗುಣಾಕಾರದಿಂದ ನನಗೆ ತಿಳಿಯುವುದು ಇಷ್ಟು. ನಗರಕ್ಕೆ ಹೊಂದುವ ತಲಾ ಲೆಕ್ಕವನ್ನು ಮಲೆನಾಡಿಗೆ ಹಾಗೆಯೇ ತಂದರೆ ಹಣವೆಲ್ಲ ದಾರಿಯಲ್ಲೇ ಕರಗುತ್ತದೆ. ಇಲ್ಲಿ ಪುಸ್ತಕಕ್ಕಿಂತಲೂ ಸಲಕರಣೆಗಿಂತಲೂ ದಾರಿ ದುಬಾರಿ. ಆ ಖರ್ಚನ್ನು ಇವತ್ತು ಹೊರುತ್ತಿರುವವರು ತಾಯಂದಿರು, ಮತ್ತು ಅದು ಯಾವ ಇಲಾಖೆಯ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ.

ದಾರಿಗೂ ಮೊದಲು ಎಣಿಕೆ. 2011ರ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13,24,205, ಜನಸಂಖ್ಯೆಯ ಶೇ 2.17. ಶಿರಸಿ ತಾಲ್ಲೂಕಿನಲ್ಲಿ ಆಗ ಸುಮಾರು 1.87 ಲಕ್ಷ ಜನ, ಸಿದ್ದಾಪುರದಲ್ಲಿ 97 ಸಾವಿರ, ಯಲ್ಲಾಪುರದಲ್ಲಿ 79 ಸಾವಿರ. ಒಟ್ಟು 3.63 ಲಕ್ಷ. ರಾಜ್ಯದ ಪ್ರಮಾಣವನ್ನೇ ಹಚ್ಚಿದರೆ ಮೂರು ತಾಲ್ಲೂಕಿನಲ್ಲಿ ಸುಮಾರು 7,900 ಅಂಗವಿಕಲರಾಗುತ್ತಾರೆ. ಶಾಲಾ ವಯಸ್ಸಿನ ಮಕ್ಕಳನ್ನು ಮೇಲೆ ಹೇಳಿದ ರೀತಿಯಲ್ಲೇ ಲೆಕ್ಕ ಹಾಕಿದರೆ 1,230ರ ಆಸುಪಾಸು. ಇದು ಎಣಿಕೆಯಲ್ಲ, ಗುಣಾಕಾರ. ಆದರೆ ಕೆಲಸದ ಗಾತ್ರವನ್ನು ಅಳೆಯಲು ಇದು ಸಾಕು.

ದೇಶದ ಮಟ್ಟದಲ್ಲಿ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಶಾಲೆಗಳೇ ತುಂಬುವ ಯುಡೈಸ್ ಮಾಹಿತಿಯಂತೆ 2021-22ರಲ್ಲಿ ಶಾಲೆಗೆ ದಾಖಲಾದ ವಿಶೇಷ ಅಗತ್ಯದ ಮಕ್ಕಳು 22.67 ಲಕ್ಷ. ಆ ವರ್ಷ ಪ್ರಾಥಮಿಕದಿಂದ ಹನ್ನೆರಡನೆಯ ತರಗತಿವರೆಗೆ ಒಟ್ಟು ದಾಖಲಾತಿ 25.57 ಕೋಟಿ. ಅಂದರೆ ಶೇ 0.89. ಮಕ್ಕಳ ಜನಸಂಖ್ಯೆಯಲ್ಲಿ ಶೇ 1.7, ಶಾಲೆಯ ಪಟ್ಟಿಯಲ್ಲಿ ಅದರ ಅರ್ಧ. ಎರಡೂ ಒಂದೇ ಅಳತೆಗೋಲಿನಿಂದ ಅಳೆದವಲ್ಲ ಎಂಬುದು ನಿಜ. ಕೆಲವು ಮಕ್ಕಳು ಶಾಲೆಯಲ್ಲಿದ್ದೂ ಗುರುತಿಸಲ್ಪಟ್ಟಿರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತ, ಕಿವಿ ಮಂದವಾದ ಮಗು 'ಮಂಕು' ಎನಿಸಿಕೊಂಡು ವರ್ಷ ಕಳೆಯುತ್ತದೆ. ಉಳಿದವರು ಶಾಲೆಗೇ ಬಂದಿಲ್ಲ. 2011ರ ಜನಗಣತಿ 5ರಿಂದ 19 ವರ್ಷದ ಅಂಗವಿಕಲರಲ್ಲಿ ಶೇ 61 ಮಂದಿ ಓದುತ್ತಿದ್ದಾರೆ, ಶೇ 12 ಮಂದಿ ಓದಿ ಬಿಟ್ಟಿದ್ದಾರೆ, ಶೇ 27 ಮಂದಿ ಎಂದೂ ಶಾಲೆಯ ಮೆಟ್ಟಿಲು ಹತ್ತಿಲ್ಲ ಎಂದು ದಾಖಲಿಸಿತು. ಬಹುವೈಕಲ್ಯವಿರುವವರಲ್ಲಿ ಈ ಕೊನೆಯ ಗುಂಪು ಅರ್ಧಕ್ಕಿಂತ ದೊಡ್ಡದು, ಶೇ 54. ಉತ್ತರ ಕನ್ನಡದ ಸಾಕ್ಷರತೆ ಶೇ 84, ರಾಜ್ಯದ ಸರಾಸರಿಗಿಂತ ಎಷ್ಟೋ ಮೇಲೆ. ಹಾಗಾಗಿ ಇಲ್ಲಿ ಪರಿಸ್ಥಿತಿ ಒಳ್ಳೆಯದಿರಬಹುದು ಎಂದು ನಂಬಲು ಕಾರಣವಿದೆ. ಆದರೂ ದೇಶದ ಸರಾಸರಿಯ ಅರ್ಧವನ್ನೇ ಇಟ್ಟುಕೊಂಡರೂ ಮೂರು ತಾಲ್ಲೂಕಿನಲ್ಲಿ 160ಕ್ಕೂ ಹೆಚ್ಚು ಮಕ್ಕಳು ಮನೆಯಲ್ಲೇ ಉಳಿದಿದ್ದಾರೆ ಎಂದಾಗುತ್ತದೆ.

ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಬೇಕೆಂದೂ ಮೊದಲನೆಯದು ಜಾರಿಯಾದ ಎರಡು ವರ್ಷದೊಳಗೆ ಮುಗಿಯಬೇಕೆಂದೂ ಹೇಳುತ್ತದೆ. ಜನಗಣತಿ 2011ರ ನಂತರ ನಡೆದಿಲ್ಲ, ಮುಂದಿನದು 2027ಕ್ಕೆ. 2011ರ ಏಪ್ರಿಲ್‌ನಲ್ಲಿ ಹುಟ್ಟಿದ ಮಗು ಒಂದು ಜನಗಣತಿಯಲ್ಲೂ ಲೆಕ್ಕಕ್ಕೆ ಸಿಗದೆ 2025ರಲ್ಲಿ 14 ತುಂಬಿಸಿ ಶಿಕ್ಷಣ ಹಕ್ಕು ಕಾಯ್ದೆಯ ವಯಸ್ಸನ್ನು ದಾಟಿತು. 2011ರ ಜನಗಣತಿ ಕೇಳಿದ್ದು 8 ಬಗೆಯ ವೈಕಲ್ಯ ಮಾತ್ರ, ಈಗಿನ ಅಂಗವಿಕಲರ ಕಾಯ್ದೆ ಗುರುತಿಸುವುದು 21. ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆ, ಆಟಿಸಂ, ಹಿಮೋಫಿಲಿಯಾ, ಥಲಸೇಮಿಯಾ ಇವೆಲ್ಲ ಆಮೇಲೆ ಸೇರಿದವು. ಹಣ ಬರುವುದು ಪಟ್ಟಿಯಲ್ಲಿರುವ ತಲೆಗಳ ಲೆಕ್ಕದಲ್ಲಿ. ಪಟ್ಟಿಗೆ ಸೇರದ ಮಗುವಿಗೆ ಆ ಹದಿನಾರು ರೂಪಾಯಿಯೂ ಇಲ್ಲ.

ಪಟ್ಟಿಗೆ ಸೇರಿದರೂ ಹಲವು ಸೌಲಭ್ಯಗಳಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಬೇಕು. ಅರ್ಜಿ ಉಚಿತ, ಕಾರ್ಡೂ ಉಚಿತ. ಆದರೆ ಬೇಕಾದ ತಜ್ಞರು ಜಿಲ್ಲಾ ಆಸ್ಪತ್ರೆಯಲ್ಲಿದ್ದರೆ ಶಿರಸಿಯಿಂದ ಕಾರವಾರಕ್ಕೆ ಸುಮಾರು 120 ಕಿಲೋಮೀಟರ್, ಘಟ್ಟ ಇಳಿದು ಹೋಗಬೇಕು, ಹತ್ತಿ ಬರಬೇಕು. ಸೋಂದಾ ಕಡೆಯ ಹಳ್ಳಿಯಿಂದಾದರೆ ಹೋಗಿಬರುವುದು 280 ಕಿಲೋಮೀಟರ್. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ಸು ಉಚಿತ, ಮಗಳಿದ್ದರೆ ಅವಳಿಗೂ ಉಚಿತ. ಇದು ನಿಜಕ್ಕೂ ದೊಡ್ಡ ನೆರವು, ಈ ಲೆಕ್ಕದಲ್ಲಿ ಅದನ್ನು ಮನಸಾರೆ ನೆನೆಯಬೇಕು. ಹೋಗುವ ದಿನದ ಕೂಲಿ ಮಾತ್ರ ಹೋದಂತೆಯೇ. 2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಗೆ ನಿಗದಿಯಾದ ಕೂಲಿ 370 ರೂಪಾಯಿ. ಒಂದೇ ಸಲಕ್ಕೆ ಕೆಲಸವಾಗದೆ ಮೂರು ಸಲ ಅಲೆದರೆ 1,110. ಮಗುವಿನ ವಾರ್ಷಿಕ ಬಾಬ್ತಿನ ಸುಮಾರು ಮೂರನೇ ಒಂದು ಭಾಗ ಕಾರ್ಡು ಕೈಗೆ ಬರುವ ಮೊದಲೇ ಮನೆಯವರ ಜೇಬಿನಿಂದ ಹೋಗಿರುತ್ತದೆ. ವೈದ್ಯಕೀಯ ಮಂಡಳಿಯನ್ನೇ ನಿಗದಿತ ದಿನಗಳಲ್ಲಿ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲಿ ಕೂರಿಸುವುದಕ್ಕೆ ತಗಲುವ ಖರ್ಚು ನಾಲ್ಕೈದು ವೈದ್ಯರ ಪ್ರಯಾಣಭತ್ಯೆ. ಅವರು ಒಂದು ಜೀಪಿನಲ್ಲಿ ಬಂದರೆ ನೂರಾರು ತಾಯಂದಿರು ಘಟ್ಟ ಇಳಿಯುವುದು ತಪ್ಪುತ್ತದೆ.

ಈಗ ದಿನನಿತ್ಯದ ದಾರಿ. ಬಸ್ಸು ಬರುವ ಊರಿನಲ್ಲಿ ಲೆಕ್ಕ ಸಲೀಸು. ಸರ್ಕಾರಿ ಸಾರಿಗೆಯ ಅಂಗವಿಕಲರ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿ. ಶಾಲಾ ದಿನಕ್ಕೆ ಹಂಚಿದರೆ 3 ರೂಪಾಯಿ. ಜೊತೆಗೆ ಬರುವ ತಾಯಿಗೆ ಸೊನ್ನೆ. ಬಸ್ಸು ಬಾರದ ಊರಿನಲ್ಲಿ ಆಟೊ ಗೊತ್ತು ಮಾಡಬೇಕು. ಹೋಗಿಬರಲು ದಿನಕ್ಕೆ ಬರೀ 100 ರೂಪಾಯಿ ಎಂದು ಇಟ್ಟುಕೊಂಡರೂ 220 ದಿನಕ್ಕೆ 22,000. ಒಂದು ಕಡೆ 3, ಇನ್ನೊಂದು ಕಡೆ 100. ಮಗುವಿನ ವೈಕಲ್ಯ ಒಂದೇ, ಹಕ್ಕು ಒಂದೇ, ತಲಾ ಮಾನದಂಡವೂ ಒಂದೇ. ಬೇರೆಯಾದದ್ದು ಮನೆ ಎಲ್ಲಿದೆ ಎಂಬುದು. ಶಿರಸಿ ಪೇಟೆಯ ಮಗುವಿಗೆ 3,500 ರೂಪಾಯಿ ಅಷ್ಟಿಷ್ಟು ಸಾಕಾದೀತು. ಹೆಗ್ಗರಣಿಯ ಆಚೆಗಿನ, ವಜ್ರಳ್ಳಿಯ ಆಚೆಗಿನ, ಜಡ್ಡಿಗದ್ದೆಯ ಆಚೆಗಿನ ಮಗುವಿಗೆ ಅದು ಏಳು ವಾರದ ಆಟೊ ಬಾಡಿಗೆಯೂ ಆಗುವುದಿಲ್ಲ.

ಆಟೊ ಇಲ್ಲದಿದ್ದರೆ ತಾಯಿ ಎತ್ತಿಕೊಂಡು ಹೋಗುತ್ತಾಳೆ. ಮಗುವಿಗೆ ಆರು ವರ್ಷವಿದ್ದಾಗ ಅದು ಸಾಧ್ಯ, ಹತ್ತಾದಾಗ ಬೆನ್ನು ಕೇಳುವುದಿಲ್ಲ. ಶಾಲೆಗೆ ತಲುಪಿಸಿದ ಮೇಲೂ ಅವಳು ಮನೆಗೆ ಮರಳುವಂತಿಲ್ಲ, ಮಧ್ಯಾಹ್ನದವರೆಗೂ ಜಗುಲಿಯ ತುದಿಯಲ್ಲಿ ಕಾಯಬೇಕು. ಕಾರಣ ಶೌಚಾಲಯ. 2021-22ರಲ್ಲಿ ದೇಶದ ಶಾಲೆಗಳ ಪೈಕಿ ಅಂಗವಿಕಲ ಮಕ್ಕಳು ಬಳಸಬಹುದಾದ, ಬಳಕೆಯಲ್ಲಿರುವ ಶೌಚಾಲಯ ಇದ್ದದ್ದು ಶೇ 27ರಲ್ಲಿ ಮಾತ್ರ. ಅಡಿಕೆ ಸುಲಿಯುವ ಕಾಲದಲ್ಲಿ ನಾಲ್ಕು ಕಾಸು ಸಿಗುವ ದಿನಗಳಲ್ಲೂ ಅವಳು ಅಲ್ಲೇ. ದಿನಕ್ಕೆ 370ರಂತೆ 220 ದಿನಕ್ಕೆ 81,400 ರೂಪಾಯಿ. ಅರ್ಧ ದಿನ ಎಂದರೂ 40,700. ಸರ್ಕಾರ ಕೊಡುವ 3,500ರ ಎದುರು ತಾಯಿ ಕೊಡುತ್ತಿರುವುದು ಅದರ ಹನ್ನೊಂದೂವರೆ ಪಟ್ಟು. ಸಮನ್ವಯ ಶಿಕ್ಷಣಕ್ಕೆ ಅತಿ ಹೆಚ್ಚು ಅನುದಾನ ಕೊಡುತ್ತಿರುವವರು ಯಾರು ಎಂದು ಕೇಳಿದರೆ ಉತ್ತರ ಇದು. ಎಷ್ಟೋ ಮನೆಗಳಲ್ಲಿ ಮಗು ಮೂರನೇ ತರಗತಿಗೆ ಬರುವಷ್ಟರಲ್ಲಿ ಈ ಅನುದಾನ ನಿಲ್ಲುತ್ತದೆ, ಏಕೆಂದರೆ ಉಳಿದ ಮಕ್ಕಳೂ ಉಣ್ಣಬೇಕು.

ಇಳಿಜಾರಿನ ಲೆಕ್ಕವನ್ನೂ ಮಾಡಬೇಕು, ಅದರಲ್ಲಿ ಮಲೆನಾಡಿನ ಪೆಟ್ಟು ಬೇರೆಯೇ. ಮಾನದಂಡದ ಪ್ರಕಾರ ಇಳಿಜಾರು 1ಕ್ಕೆ 12: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಅಗಲ ಕನಿಷ್ಠ 1.2 ಮೀಟರ್, ಎರಡೂ ಬದಿಗೆ ಎರಡು ಎತ್ತರದಲ್ಲಿ ಹಿಡಿಕಂಬಿ. ಮಳೆನೀರು ನುಗ್ಗದಂತೆ ಇಲ್ಲಿನ ಶಾಲೆಗಳ ಅಡಿಪಾಯ ಎತ್ತರ. ನೆಲ 60 ಸೆಂಟಿಮೀಟರ್ ಎತ್ತರವಿದ್ದರೆ ಇಳಿಜಾರಿಗೆ 7.2 ಮೀಟರ್ ಉದ್ದ, ಸುಮಾರು 2.6 ಘನ ಮೀಟರ್ ಕಲ್ಲು-ಮಣ್ಣು, ಹಿಡಿಕಂಬಿಗೆ 28.8 ಮೀಟರ್ ಪೈಪು. ನೆಲ 90 ಸೆಂಟಿಮೀಟರ್ ಆದರೆ ಉದ್ದ 10.8 ಮೀಟರ್, ತುಂಬಬೇಕಾದದ್ದು 5.8 ಘನ ಮೀಟರ್, ನಡುವೆ ಗಾಲಿಕುರ್ಚಿ ನಿಲ್ಲಲು ಸಮತಟ್ಟು ಜಾಗ ಬೇರೆ. ಎತ್ತರ ಒಂದೂವರೆ ಪಟ್ಟಾದರೆ ಕಲ್ಲು-ಮಣ್ಣು ಎರಡೂಕಾಲು ಪಟ್ಟು. ಗುಡ್ಡ ಕಡಿದು ಮಾಡಿದ ಶಾಲೆಯಂಗಳದಲ್ಲಿ ಅಷ್ಟು ಉದ್ದದ ಜಾಗ ಇರುವುದಿಲ್ಲ. ಆಗ ಮೂರು ಮೀಟರಿನಲ್ಲಿ ಮುಗಿಸುತ್ತಾರೆ. 60 ಸೆಂಟಿಮೀಟರಿಗೆ 3 ಮೀಟರ್ ಎಂದರೆ 1ಕ್ಕೆ 5. ಮಗುವೊಂದು ತಾನೇ ಗಾಲಿ ತಳ್ಳಿ ಅದನ್ನು ಹತ್ತಲಾರದು, ಇಳಿಯುವಾಗ ಮುಗ್ಗರಿಸುತ್ತದೆ. ಎರಡು ಮಳೆಗಾಲ ಕಳೆದರೆ ಸಿಮೆಂಟಿನ ಮೇಲೆ ಪಾಚಿ. ಕಡತದಲ್ಲಿ 'ಇಳಿಜಾರು ಇದೆ' ಎಂದಾಗುತ್ತದೆ. ಜಾಗವಿಲ್ಲದ ಕಡೆ ಇಳಿಜಾರನ್ನು ಗೋಡೆಯಗುಂಟ ತಿರುಗಿಸಿ ಕಟ್ಟಬಹುದು, ಮೇಲ್ಮೈಯನ್ನು ಒರಟು ಮಾಡಬಹುದು, ಮೇಲೊಂದು ತಗಡಿನ ಮಾಡು ಇಳಿಸಬಹುದು. ನಮ್ಮ ಊರುಗಳ ಗೌಂಡಿಗಳಿಗೆ ಇದು ಹೊಸ ವಿದ್ಯೆಯಲ್ಲ, ಅಡಿಕೆ ಮೂಟೆ ಹೊತ್ತು ಇಳಿಯುವ ದಾರಿಗಳನ್ನು ಅವರು ಕಟ್ಟಿದ್ದಾರೆ. ಅಂದಾಜುಪಟ್ಟಿಯಲ್ಲಿ ಅದಕ್ಕೆ ಅವಕಾಶ ಕೊಡಬೇಕು, ಅಷ್ಟೆ.

ದೇಶದಲ್ಲಿ ಹಿಡಿಕಂಬಿ ಸಹಿತ ಇಳಿಜಾರು ಇರುವ ಶಾಲೆಗಳು 2023-24ರಲ್ಲಿ ಶೇ 52.3, 2024-25ರಲ್ಲಿ ಶೇ 54.9. ವರ್ಷಕ್ಕೆ 2.6ರ ಏರಿಕೆ. ಉಳಿದ 45.1 ಇದೇ ನಡಿಗೆಯಲ್ಲಿ ಮುಗಿಯಲು 17 ವರ್ಷ. ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಅಷ್ಟು ಹೊತ್ತಿಗೆ 23 ತುಂಬಿರುತ್ತದೆ.

ಸಾರಿಗೆಯ ಒಟ್ಟು ಬಿಲ್ಲು ಎಷ್ಟಾದೀತು? ಮೂರು ತಾಲ್ಲೂಕಿನ ಅಂದಾಜು 1,230 ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕೆ ವಾಹನವೇ ಬೇಕು ಎಂದುಕೊಳ್ಳೋಣ, 410. ಗ್ರಾಮ ಪಂಚಾಯ್ತಿಗಳು ಸುಮಾರು 70. ಒಂದು ಪಂಚಾಯ್ತಿಗೆ ಆರು ಮಕ್ಕಳು, 22,000ದಂತೆ ವರ್ಷಕ್ಕೆ 1.32 ಲಕ್ಷ. ಪಂಚಾಯ್ತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ನ್ನು ಅಂಗವಿಕಲರ ಕಲ್ಯಾಣಕ್ಕೆ ಮೀಸಲಿಡಬೇಕೆಂಬ ನಿಯಮ ರಾಜ್ಯದಲ್ಲಿ ಇದೆ. 10 ಲಕ್ಷ ಸ್ವಂತ ಆದಾಯವಿರುವ ಪಂಚಾಯ್ತಿಯಾದರೆ 50,000. ಎರಡು ಮಕ್ಕಳ ದಾರಿ ಅದರಲ್ಲೇ ಆಯಿತು. ಉಳಿದ ನಾಲ್ವರಿಗೆ 82,000 ಕೊರತೆ. 70 ಪಂಚಾಯ್ತಿಗೆ 57.4 ಲಕ್ಷ. ಜಿಲ್ಲೆಯ ರಸ್ತೆ ಕಾಮಗಾರಿಯ ಪಟ್ಟಿಯಲ್ಲಿ ಒಂದು ಸಾಲಾಗಿ ಮರೆಯಾಗುವಷ್ಟು ಮೊತ್ತ ಇದು. ಈ ಶೇ 5 ಬಹಳ ಕಡೆ ಮಾರ್ಚ್ ತಿಂಗಳಲ್ಲಿ ಒಂದಷ್ಟು ಸಲಕರಣೆ ಹಂಚಿ ಮುಗಿಯುತ್ತದೆ. ಸಲಕರಣೆಗೆ ಕೇಂದ್ರದ ಎಡಿಐಪಿ ಯೋಜನೆ ಇದೆ. ತಿಂಗಳ ಆದಾಯ 22,500 ರೂಪಾಯಿಯೊಳಗಿನ ಕುಟುಂಬಕ್ಕೆ ಅದು ಪೂರ್ತಿ ಉಚಿತ. ಪಂಚಾಯ್ತಿಯ ಹಣ ದಾರಿಗೆ ಹೋಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿ ಪಂಚಾಯ್ತಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ವ್ಯವಸ್ಥೆ ಇರುವುದರಿಂದ ಯಾವ ಮನೆಯಲ್ಲಿ ಯಾವ ಮಗು, ಯಾವ ಹಳ್ಳ ದಾಟಬೇಕು ಎಂಬುದು ತಿಳಿಯದ ಸಂಗತಿಯೇನಲ್ಲ.

ತರಗತಿಯ ಒಳಗೆ ಬೇಕಾದವರು ವಿಶೇಷ ಶಿಕ್ಷಕರು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ಸಾಮಾನ್ಯ ಶಾಲೆಗಳಲ್ಲಿ ಕಾಯಂ ವಿಶೇಷ ಶಿಕ್ಷಕರ ಹುದ್ದೆ ಸೃಷ್ಟಿಸಲು ಆದೇಶಿಸಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅನುಪಾತ ಅಧಿಸೂಚನೆಯಾಯಿತು: ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು. ರಾಜ್ಯಗಳು ಹುದ್ದೆ ಮಂಜೂರು ಮಾಡದ್ದನ್ನು ಕಂಡು 2025ರ ಮಾರ್ಚ್ 7ರಂದು ನ್ಯಾಯಾಲಯ ಮತ್ತೆ ಗಡುವು ಕೊಡಬೇಕಾಯಿತು. ಈ ಅನುಪಾತದಂತೆ ನಮ್ಮ ಮೂರು ತಾಲ್ಲೂಕಿಗೆ ಕನಿಷ್ಠ 82, ಗರಿಷ್ಠ 123 ವಿಶೇಷ ಶಿಕ್ಷಕರು ಬೇಕು. ಈಗಿರುವುದು ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ವ್ಯವಸ್ಥೆ, ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಜನ. ಅವರು ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಕೂತು ವರದಿ ಬರೆಯಬೇಕು, ಶಿಬಿರ ನಡೆಸಬೇಕು, ಶಾಲೆಗಳಿಗೆ ಹೋಗಬೇಕು, ಗೃಹಾಧಾರಿತ ಶಿಕ್ಷಣದ ಮಕ್ಕಳ ಮನೆಗೂ ಹೋಗಬೇಕು.

ಗೃಹಾಧಾರಿತ ಶಿಕ್ಷಣವನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ತೀವ್ರ ಮತ್ತು ಬಹುವೈಕಲ್ಯದ ಮಗುವಿಗೆ ಒಂದು ಆಯ್ಕೆಯಾಗಿ ಕೊಟ್ಟಿತು. ವಾರಕ್ಕೊಂದು ಭೇಟಿ, ಒಂದೂವರೆ ಗಂಟೆ, ವರ್ಷಕ್ಕೆ 40 ವಾರ ಒಂದೂ ತಪ್ಪದೆ ನಡೆದರೆ 60 ಗಂಟೆ. 1ರಿಂದ 5ನೇ ತರಗತಿಯ ಬೇರೆ ಮಗುವಿಗೆ ಅದೇ ಕಾಯ್ದೆ ಖಾತರಿ ಕೊಟ್ಟಿರುವುದು 800 ಗಂಟೆ. ಶೇ 7.5. ಹಾಸಿಗೆ ಬಿಟ್ಟು ಏಳಲಾರದ ಮಗುವಿಗೆ ಆ 60 ಗಂಟೆ ಅಮೂಲ್ಯ, ಹೊರಗಿನವರೊಬ್ಬರು ತನ್ನನ್ನೇ ಹುಡುಕಿ ಬಂದು ಹೆಸರು ಕರೆಯುವ ಗಂಟೆಗಳವು. ಆದರೆ ಕಾಲುಸಂಕ ಇಲ್ಲವೆಂಬ ಕಾರಣಕ್ಕೆ, ಎತ್ತಿಕೊಂಡು ಬರುವವರಿಲ್ಲವೆಂಬ ಕಾರಣಕ್ಕೆ ಮಗುವಿನ ಹೆಸರು ಗೃಹಾಧಾರಿತ ಪಟ್ಟಿಗೆ ಹೋದರೆ, 740 ಗಂಟೆಯನ್ನು ಅದರಿಂದ ಕಿತ್ತುಕೊಂಡಂತೆ. ಆ ಪಟ್ಟಿಯ ಪ್ರತಿ ಹೆಸರಿನ ಮುಂದೆ ಕಾರಣ ದೇಹದ್ದೋ ದಾರಿಯದ್ದೋ ಎಂದು ಬರೆಯಿಸಬೇಕು.

ಮಲೆನಾಡಿನ ಸಣ್ಣ ಶಾಲೆಗಳ ಬಗ್ಗೆ ಒಂದು ಮಾತು. ಹತ್ತು ಹದಿನೈದು ಮಕ್ಕಳ ಶಾಲೆಯನ್ನು ದುಬಾರಿ ಎಂದು ಎಣಿಸಿ ವಿಲೀನದ ಪ್ರಸ್ತಾಪ ಆಗಾಗ ಬರುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತು ಆಮೇಲೆ ರಾಜ್ಯವೆಲ್ಲ ಹರಡಿದ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ನಿಧಾನ ಕಲಿಯುವ ಮಗುವಿಗೆ ಇದಕ್ಕಿಂತ ಒಗ್ಗುವ ತರಗತಿ ಕಷ್ಟ. ಮೇಷ್ಟರಿಗೆ ಪ್ರತಿ ಮಗುವಿನ ಮನೆ ಗೊತ್ತು, ಜೊತೆಯ ಹುಡುಗರು ಕೈ ಹಿಡಿದು ಸಂಕ ದಾಟಿಸುತ್ತಾರೆ. ಹನ್ನೆರಡು ಮಕ್ಕಳ ಇಂಥ ಶಾಲೆ ಮುಚ್ಚಿ ಅವರನ್ನು 4 ಕಿಲೋಮೀಟರ್ ಆಚೆಗೆ ಸೇರಿಸಿದರೆ ಉಳಿದ ಹನ್ನೊಂದು ಮಕ್ಕಳು ಹೇಗೋ ಹೋಗುತ್ತಾರೆ. ಹನ್ನೆರಡನೆಯದು, ವೈಕಲ್ಯವಿರುವ ಮಗು, ಮನೆಯಲ್ಲಿ ಉಳಿಯುತ್ತದೆ. ವಿಲೀನದ ಉಳಿತಾಯದ ಲೆಕ್ಕದಲ್ಲಿ ಆ ಹನ್ನೆರಡನೆಯ ಮಗುವಿನ 22,000 ರೂಪಾಯಿ ಸೇರಿಸಿ ನೋಡಿದ ಮೇಲೆ ತೀರ್ಮಾನಿಸಲಿ. ಯಲ್ಲಾಪುರದ ಸಿದ್ದಿ ಹಾಡಿಗಳಲ್ಲಿ, ಗೌಳಿ ದೊಡ್ಡಿಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ, ಅಲ್ಲಿ ಹತ್ತಿರದ ಶಾಲೆಯೇ ಏಕೈಕ ಶಾಲೆ.

ವಿಶೇಷ ಶಾಲೆಗಳು ಬೇಡವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಶಿರಸಿಯಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ಅಜಿತ ಮನೋಚೇತನಾ, ಸಿದ್ದಾಪುರದಲ್ಲಿ ಆಶಾಕಿರಣ ಟ್ರಸ್ಟಿನ ಜಗದ್ಗುರು ಮುರುಘರಾಜೇಂದ್ರ ಅಂಧರ ಶಾಲೆ, ಇವು ಸರ್ಕಾರಿ ಶಾಲೆಯ ಬಾಗಿಲು ತೆರೆಯದ ಕಾಲದಲ್ಲಿ ಈ ಸೀಮೆಯ ಮನೆಗಳಿಗೆ ಆಸರೆಯಾದ ಸಂಸ್ಥೆಗಳು. 110 ಚದರ ಕಿಲೋಮೀಟರಿನ ಲೆಕ್ಕ ನೋಡಿದರೆ ಅಂಧ ಮಕ್ಕಳಿಗೆ ಒಟ್ಟಿಗೆ ಬ್ರೈಲ್ ಕಲಿಯಲು ಇಂಥ ಒಂದು ತಾಣ ಏಕೆ ಬೇಕು ಎಂಬುದು ಅರ್ಥವಾಗುತ್ತದೆ. ಇಂಥ ಶಾಲೆಗಳಿಗೆಂದು ರಾಜ್ಯ ಸರ್ಕಾರದ ಶಿಶುಕೇಂದ್ರಿತ ಸಹಾಯಧನ ಯೋಜನೆ ಇದೆ. ಅಂಗವಿಕಲರ ಕಾಯ್ದೆ ಕೂಡ ಇವುಗಳನ್ನು ಮುಚ್ಚು ಎಂದಿಲ್ಲ. ಇಲ್ಲಿನ ಅನುಭವಿ ಶಿಕ್ಷಕರು ವಾರಕ್ಕೆರಡು ದಿನ ಸುತ್ತಲ ಸಾಮಾನ್ಯ ಶಾಲೆಗಳಿಗೆ ಹೋಗುವಂತಾದರೆ, ಅದಕ್ಕೆ ಸರ್ಕಾರ ಸಂಭಾವನೆ ಕೊಟ್ಟರೆ, 82 ಹುದ್ದೆ ತುಂಬುವವರೆಗಿನ ವರ್ಷಗಳು ಖಾಲಿ ಹೋಗುವುದಿಲ್ಲ. ಮಗು ಅಲ್ಲಿ ಬ್ರೈಲ್ ಕಲಿತು, ನಡೆಯಲು ಬಿಳಿಕೋಲು ಹಿಡಿದು, ಐದನೆಯ ತರಗತಿಗೆ ತನ್ನೂರಿನ ಶಾಲೆಗೆ ಮರಳಲಿ ಎಂದರೆ ಅದೂ ಸಮನ್ವಯವೇ.

ದೊಡ್ಡವರನ್ನೂ ಮರೆಯುವಂತಿಲ್ಲ. ಅಂಗವಿಕಲರ ಕಾಯ್ದೆಯ 18ನೇ ಕಲಂ ವಯಸ್ಕರ ಶಿಕ್ಷಣಕ್ಕೂ ಅನ್ವಯಿಸುತ್ತದೆ. ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಕೊನೆಗೌಡನಿಗೆ ಮೂವತ್ತರ ಹರೆಯದಲ್ಲಿ ಕೂತು ಮಾಡುವ ಕೆಲಸವೊಂದನ್ನು ಕಲಿಯುವ ಹಕ್ಕಿದೆ. ಅವನ ಪಾಲಿಗೆ ಐಟಿಐ, ಕಂಪ್ಯೂಟರ್ ತರಗತಿಗಳೇ ಶಾಲೆ.

ಹದಿನಾಲ್ಕು ದಾಟಿದ ಮೇಲಿನ ನಾಲ್ಕು ವರ್ಷಗಳಲ್ಲಿ ಸೋರಿಕೆ ಹೆಚ್ಚು. ಶಿಕ್ಷಣ ಹಕ್ಕು ಕಾಯ್ದೆ 14ಕ್ಕೆ ನಿಲ್ಲುತ್ತದೆ, ಅಂಗವಿಕಲರ ಕಾಯ್ದೆ 18ರವರೆಗೆ ಬರುತ್ತದೆ. ಹೈಸ್ಕೂಲು ದೂರ, ಪಿಯು ಕಾಲೇಜು ಪೇಟೆಯಲ್ಲಿ. 9 ಮತ್ತು 10ನೇ ತರಗತಿಗೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಮನೆಯಿಂದ ಹೋಗಿಬರುವವರಿಗೆ ತಿಂಗಳಿಗೆ 500, ಹಾಸ್ಟೆಲಿನಲ್ಲಿರುವವರಿಗೆ 800. ಪುಸ್ತಕಕ್ಕೆ ವರ್ಷಕ್ಕೆ 1,000. ಪೋಷಕರ ವಾರ್ಷಿಕ ಆದಾಯ 2.5 ಲಕ್ಷದೊಳಗಿರಬೇಕು. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ; ಬೇಕಾದವರಿಗೆ ಬರೆಯುವ ಸಹಾಯಕರು. ಉನ್ನತ ಶಿಕ್ಷಣದಲ್ಲಿ ಶೇ 5 ಸೀಟು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಇವೆಲ್ಲಕ್ಕೂ ವೈಕಲ್ಯದ ದಾಖಲೆ ಬೇಕು. ಎಸ್ಸೆಸ್ಸೆಲ್ಸಿಯ ಅರ್ಜಿ ತುಂಬುವ ತಿಂಗಳಲ್ಲಿ ಕಾರವಾರಕ್ಕೆ ಓಡುವ ಮನೆಗಳಿಗೆ ಒಂದು ವರ್ಷವೇ ತಪ್ಪಿಹೋಗುತ್ತದೆ. ಆದ್ದರಿಂದ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪ್ರತಿ ಜೂನ್‌ಗೆ ಕೇಳಬೇಕಾದ ಪ್ರಶ್ನೆಗಳು ಮೂರು: ಏಳನೇ ತರಗತಿಗೆ ಬಂದ ಯಾವ ಮಗುವಿಗೆ ಇನ್ನೂ ಯುಡಿಐಡಿ ಆಗಿಲ್ಲ, ಯಾರ ಬೆಂಗಾವಲು ಭತ್ಯೆ ಬ್ಯಾಂಕಿಗೆ ಬಂದಿಲ್ಲ, ಈ ಮಳೆಗಾಲದಲ್ಲಿ ಯಾರ ಮನೆಯ ಹಾದಿಯ ಸಂಕ ಹೋಗಿದೆ. ಬಂದ ಉತ್ತರಗಳನ್ನು ಹೆಸರು, ದೂರ, ಮೊತ್ತ ಸಮೇತ ನಡಾವಳಿಯಲ್ಲಿ ಬರೆದು, ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ, ಇನ್ನೊಂದು ಗ್ರಾಮ ಪಂಚಾಯ್ತಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.